ಓದುಮನೆಯ ಮಾತು: ತಪ್ಪು ಕಾಗುಣಿತದ ಕಾಗದಗಳು



ತಿಂಗಳಿಗೊಂದಾವೃತ್ತಿ ಈ ಪುಟದಲ್ಲಿ ಯಾವುದಾದರೊಂದು ಗ್ರಂಥವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ವಾಡಿಕೆಯಷ್ಟೆ. ಸಾಮಾನ್ಯವಾಗಿ ಗ್ರಂಥವನ್ನು ಓದಿ ಮುಗಿಸಿ, ಮನಸ್ಸಿನಲ್ಲಿ ಒಂದು ನಿರ್ಧಾರಕ್ಕೆ ಬಂದ ಮೇಲೆಯೇ ಲೇಖನಿಯನ್ನು ಹಿಡಿಯುವೆವು. ಈ ತಿಂಗಳ ಗ್ರಂಥದ ವಿಷಯದಲ್ಲಿ ಹಾಗಾಗಲಿಲ್ಲ. ಇದನ್ನು ಓದಿದ ದೊಡ್ಡವರಲ್ಲಿಯೇ ಒಮ್ಮತವಿಲ್ಲ; ನಮ್ಮ ಮನೆಯಲ್ಲಿಯೂ ಒಮ್ಮತವುಂಟಾಗಲಿಲ್ಲ; ನಿಜವನ್ನು ಹೇಳಬೇಕಾದರೆ ನಮ್ಮೊಬ್ಬರ ಮನಸ್ಸಿನೊಳಗೇ ಹದಿನೈದು ದಿವಸಗಳ ಕಾಲ ಎರಡು ಪಕ್ಷಗಳಿದ್ದುವು. ಆ ವ್ಯಾಜ್ಯವನ್ನು ವಾಚಕರ ಮುಂದಿಡುವುದೇ ಈ ಸಲದ ಲೇಖನದ ಉದ್ದೇಶ.

ಗ್ರಂಥದ ಹೆಸರು ‘ಯು ನೋ ಮಿ ಆಲ್’. ‘ನಾನು ಎಂಥವನೆಂಬುದನ್ನು ನೀನು ಬಲ್ಲೆಯಲ್ಲ, ಆಲ್’ ಎಂದು ಇದರ ತಾತ್ಪರ್ಯ. ಕರ್ತೃ ಅಮೆರಿಕಾ ದೇಶದ ರಿಂಗ್ ಲಾರ್ಡ್ನರ್ ಎಂಬಾತ. ಷಿಕಾಗೋ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ರಜೆಯ ಮೇಲೆ ಊರಿಗೆ ಬಂದಾಗ ಇದನ್ನು ತಂದು ನಮ್ಮ ಕೈಯಲ್ಲಿಟ್ಟು, “ಮಾವ, ಇದನ್ನು ಓದಿ ನೀವು ನಗದೆ ಹೋದರೆ ನನ್ನ ಹೆಸರನ್ನು ಬದಲಾಯಿಸಿಕೊಳ್ಳುತ್ತೇನೆ” ಎಂದು ಪಣ ಕಟ್ಟಿದನು. ನಾವು ಮೊದಲ ನಾಲ್ಕು ಪುಟಗಳನ್ನು ಓದಿದೆವು, ನಗಲಿಲ್ಲ. ನಗಲಿಲ್ಲವೆಂಬುದು ಮಾತ್ರವಲ್ಲ, ನಮ್ಮ ಬಲಗೈ ತಾನಾಗಿಯೇ ಕೆಂಪು ಶಾಯಿಯ ಲೇಖನಿಗಾಗಿ ಮೇಜಿನ ಮೇಲೆ ತಡವರಿಸಿತು. ೩೪ ವರ್ಷಗಳ ಕಾಲ ಮಕ್ಕಳ ಬರವಣಿಗೆಯನ್ನು ತಿದ್ದಿದ ಕೈ ಅದು, ಅದರ ಅಪರಾಧವೇನು? ಈ ಗ್ರಂಥದಲ್ಲಿ ಒಂದು ವಾಕ್ಯವೂ ವ್ಯಾಕರಣಕ್ಕೆ ಒಗ್ಗುವುದಿಲ್ಲ, ಕಾಗುಣಿತವಂತೂ ಹಾಳೂರಿನಂತಿದೆ.

ಇದಕ್ಕೆ ಕಾರಣವುಂಟು. ಗ್ರಂಥವೆಲ್ಲವೂ ಕಾಗದಗಳ ರೂಪದಲ್ಲಿದೆ. ಬರೆಯುವಾತನು ಜ್ಯಾಕ್ ಕೀಫ್ ಎಂಬ ಬೇಸ್‌ಬಾಲ್ ಆಟಗಾರ. ಓದಿ ಬರೆದದ್ದು ಅಷ್ಟಕ್ಕಷ್ಟೆ. ಕಾಗದಗಳು ಹೋಗುವುದು ಇಂಡಿಯಾನಾ ಸಂಸ್ಥಾನದ ಬೆಡ್‌ಫರ್ಡ್ ಎಂಬ ಸಣ್ಣ ಊರಿನಲ್ಲಿರುವ ಆಲ್ ಎಂಬ ಬಾಲ್ಯಸ್ನೇಹಿತನಿಗೆ. ಬೆಡ್‌ಫರ್ಡ್ ಕಲ್ಪನೆಯ ಊರಲ್ಲ. ಸುಣ್ಣಕಲ್ಲಿನ ಗಣಿಗಳಿಗೆ ಹೆಸರಾದ ಸೀಮೆ ಅದು; ನ್ಯೂಯಾರ್ಕ್ ನಗರದಲ್ಲಿ ೧೯೩೧ರಲ್ಲಿ ಮುಗಿದ ಎಂಪೈರ್ ಸ್ಟೇಟ್ ಸೌಧದ ಹೊರಮೈಯ ಕಲ್ಲು ಆ ಸುತ್ತಿನಿಂದಲೇ ಹೋಯಿತು. ಆದರೆ ಕಲ್ಲು ಹೋದಂತೆ ಮನುಷ್ಯನು ಮಹಾನಗರಕ್ಕೆ ಹೋಗಿ ನೆಟ್ಟಗೆ ಕುಳಿತುಕೊಳ್ಳುವುದು ಸುಲಭವಲ್ಲ. ಕಥೆಯ ಹುರುಳು ಇದೇ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಬೇಸ್‌ಬಾಲ್ ಎಂಬುದು ಕ್ರಿಕೆಟ್ಟಿನ ದಾಯಾದಿಯೆನ್ನಬಹುದು. ಪಕ್ಷಕ್ಕೆ ಒಂಬತ್ತು ಮಂದಿ. ಬಯಲಿನಲ್ಲಿ ಚೌಕಾಕಾರವಾಗಿ ನಾಲ್ಕು ಠಾಣೆಗಳು. ಒಂದಕ್ಕೂ ಇನ್ನೊಂದಕ್ಕೂ ೯೦ ಅಡಿ ದೂರ. ಎಸೆಗಾರನು ನಡುವೆ ನಿಂತು ಚೆಂಡನ್ನು ನೆಲಕ್ಕೆ ತಾಕಿಸದೆ ಬಿರುಸಾಗಿ ಎಸೆಯುತ್ತಾನೆ. ದಾಂಡಿಗನು ಅದನ್ನು ಹೊಡೆದು ನಾಲ್ಕು ಠಾಣೆಗಳನ್ನೂ ಸುತ್ತಿ ಬಂದರೆ ಒಂದು ಓಟ. ಎಸೆಗಾರನ ಕಣ್ಣು ತಪ್ಪಿದಾಗ ಒಂದು ಠಾಣೆಯಿಂದ ಮುಂದಿನ ಠಾಣೆಗೆ ಕಳ್ಳನಂತೆ ಓಡಿಬಿಡುವುದೂ ಧರ್ಮಸಮ್ಮತವೇ. ಇಷ್ಟು ತಿಳಿದರೆ ಸಾಕು. ಆ ಕಾಲದಲ್ಲಿ ಅಮೆರಿಕೆಯ ಚಿಕ್ಕ ಚಿಕ್ಕ ಊರುಗಳಿಗೂ ಒಂದೊಂದು ತಂಡವಿದ್ದಿತು. ಅಂತಹ ಊರತಂಡಗಳಿಂದ ಮಹಾನಗರದ ದೊಡ್ಡ ತಂಡಕ್ಕೆ ಬಂದವನನ್ನು ಅಲ್ಲಿನವರು ‘ಬುಷರ್’ ಎಂದು ಮೂದಲಿಸುತ್ತಿದ್ದರು. ಪೊದೆಗಳ ನಡುವಿನಿಂದ ಎದ್ದು ಬಂದವನು, ಕಾಡುಮೂಲೆಯವನು ಎಂದರ್ಥ. ನಮ್ಮ ಜ್ಯಾಕ್ ಕೀಫನು ಅಂಥ ಒಬ್ಬ ಬುಷರ್.

ಅವನು ಟೆರೆ ಹೋಟ್ ಎಂಬ ಊರಿನ ತಂಡದಿಂದ ಷಿಕಾಗೋ ನಗರದ ವೈಟ್ ಸಾಕ್ಸ್ ತಂಡಕ್ಕೆ ಆಯ್ಕೆಯಾಗುವಲ್ಲಿಗೆ ಕಥಾರಂಭ. ಅವನಿಗೆ ತೋಳಿನಲ್ಲಿ ನಿಜವಾದ ಬಲವುಂಟು, ಇದನ್ನು ಮರೆಯಬಾರದು. ಆದರೆ ಗೆದ್ದರೆ ಆ ಗೆಲವು ತನ್ನ ಒಬ್ಬನದು; ಸೋತರೆ ತೋಳು ನೋಯುತ್ತಿದ್ದಿತು, ಇಲ್ಲವೆ ಜೊತೆಯವರು ಚೆಂಡು ಹಿಡಿಯಲಿಲ್ಲ, ಇಲ್ಲವೆ ಎದುರಾಳಿಗೆ ಅದೃಷ್ಟವಿದ್ದಿತು. ಆ ಕಾಲದ ಮಹಾಸಾಹಸಿ ಟೈ ಕಾಬ್ ಎಂಬಾತನ ತಂಡಕ್ಕೆ ಎದುರಾಗಿ ನಿಂತು ನುಗ್ಗುನುರಿಯಾದ ಮೇಲೆಯೂ ಅವನಿಗೆ ತನ್ನ ತಪ್ಪೆಂಬುದು ತೋರುವುದಿಲ್ಲ. ಅವನನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಕೆಳದರ್ಜೆಯ ತಂಡಕ್ಕೆ ಕಳುಹಿಸುತ್ತಾರೆ, ಮತ್ತೆ ಕರೆಯಿಸಿಕೊಳ್ಳುತ್ತಾರೆ. ಒಬ್ಬಳನ್ನು ಪ್ರೀತಿಸಿದೆನೆಂದು ಬರೆಯುತ್ತಾನೆ, ಮುಂದೆ ಇನ್ನೊಬ್ಬಳನ್ನೆನ್ನುತ್ತಾನೆ, ಕಡೆಗೆ ಫ್ಲಾರಿ ಎಂಬ ಮೂರನೆಯವಳನ್ನು ಮದುವೆಯಾಗುತ್ತಾನೆ. ಹಣಕ್ಕೆ ಮುಷ್ಟಿ ಬಿಗಿ. ಆದರೂ ಸ್ನೇಹಿತನ ಹತ್ತಿರ ಸಾಲ. ಬೆಡ್‌ಫರ್ಡಿನಲ್ಲಿ ಹಳದಿ ಬಣ್ಣದ ಪುಟ್ಟ ಮನೆಯೊಂದನ್ನು ತನಗಾಗಿ ಗೊತ್ತುಮಾಡೆಂದು ಆಲನಿಗೆ ಬರೆಯುತ್ತಾನೆ. ಬಳಿಕ ಮನಸ್ಸನ್ನು ಬದಲಾಯಿಸುತ್ತಾನೆ. ಎಡಗೈ ಎಸೆಗಾರರನ್ನು ಕಂಡರೆ ಅವನಿಗೆ ಆಗದು. ದೈವಲೀಲೆಯಿಂದ ಅವನಿಗೆ ಹುಟ್ಟಿದ ಮಗುವೇ ಎಡಚನೋ ಎಂಬ ಅನುಮಾನ ಬಂದು ಅವನು ಪಡುವ ಪಾಡನ್ನು ಓದಿಯೇ ಅನುಭವಿಸಬೇಕು. ಕಡೆಯ ಕಾಗದಗಳಲ್ಲಿ ವೈಟ್ ಸಾಕ್ಸ್ ತಂಡವೂ ನ್ಯೂಯಾರ್ಕಿನ ಜಯಂಟ್ಸ್ ತಂಡವೂ ಕೂಡಿ ಹೊರಟ ಲೋಕಸಂಚಾರದ ಪ್ರಸಂಗ ಬರುತ್ತದೆ. ಇದು ೧೯೧೩-೧೪ರಲ್ಲಿ ನಿಜವಾಗಿ ನಡೆದ ಯಾತ್ರೆ. ಜಪಾನು, ಆಸ್ಟ್ರೇಲಿಯಾ, ಸಿಂಹಳ, ಐಗುಪ್ತ ದೇಶಗಳನ್ನು ಹಾದು ಆ ತಂಡಗಳು ಇಂಗ್ಲೆಂಡಿನವರೆಗೂ ಹೋದುವು. ಹಡಗಿಗೆ ಹೆದರಿ, ಬರುವುದೇ ಇಲ್ಲವೆಂದು ಹಟ ಹಿಡಿದ ಕೀಫನು ಕೊನೆಗೆ ಹಡಗು ಹತ್ತುವಲ್ಲಿ ಗ್ರಂಥ ಮುಗಿಯುತ್ತದೆ.

ಈ ಕಾಗದಗಳು ಮೊದಲು ೧೯೧೪ರಲ್ಲಿ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಎಂಬ ವಾರಪತ್ರಿಕೆಯಲ್ಲಿ ಬಂದುವು. ೧೯೧೬ರಲ್ಲಿ ಗ್ರಂಥರೂಪವನ್ನು ತಾಳಿದುವು. ಲಾರ್ಡ್ನರ್ ಮಹಾಶಯನು ತಾನು ಅಶಿಕ್ಷಿತನಲ್ಲ. ಮಿಷಿಗನ್ ಸಂಸ್ಥಾನದ ನೈಲ್ಸ್ ಎಂಬ ಊರಿನಲ್ಲಿ ೧೮೮೫ರಲ್ಲಿ ಸ್ಥಿತಿವಂತರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಮನೆಯಲ್ಲಿಯೇ ಪಾಠ ಹೇಳಿಸಿಕೊಂಡವನು. ಬಳಿಕ ಪತ್ರಿಕೆಗಳ ಕ್ರೀಡಾವರದಿಗಾರನಾಗಿ ಆಟಗಾರರ ಸಂಗಡ ರೈಲುಬಂಡಿಗಳಲ್ಲಿ ಊರೂರು ತಿರುಗಿ, ಅವರ ಮಾತುಗಳನ್ನು ಕಿವಿಯಲ್ಲಿ ತುಂಬಿಕೊಂಡನು. ತಂಡದ ಒಡೆಯ ಕಾಮಿಸ್ಕಿ, ನಾಯಕ ಕ್ಯಾಲಹನ್, ಗುರುವಿನಂತಿದ್ದ ಗ್ಲೀಸನ್ ಮೊದಲಾದ ಆ ಕಾಲದ ನಿಜವಾದ ಮನುಷ್ಯರನ್ನೇ ಹೆಸರಿಟ್ಟು ಕಥೆಯೊಳಕ್ಕೆ ತಂದನು. ಕೀಫನಾದರೋ ಕಲ್ಪಿತ.

ಇನ್ನು ಅಭಿಪ್ರಾಯಭೇದದ ಮಾತು. ದೊಡ್ಡವರದನ್ನು ಮೊದಲು ಹೇಳುವೆವು.

ಎಚ್. ಎಲ್. ಮೆಂಕೆನ್ ಎಂಬ ವಿಮರ್ಶಕನು ಅಮೆರಿಕಾ ದೇಶದ ಆಡುನುಡಿಯನ್ನು ಕುರಿತು ೧೯೧೯ರಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದವನು. ಜನಸಾಮಾನ್ಯರ ಮಾತನ್ನು ಲಾರ್ಡ್ನರನು ಕೇಳಿದಷ್ಟು ಸರಿಯಾಗಿ ಕೇಳಿದವರು ಅಪೂರ್ವವೆಂಬುದು ಆತನ ಮತ. ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಎಂಬ ಪ್ರಸಿದ್ಧ ಲೇಖಕಿ ಅಮೆರಿಕೆಯ ನೆಲವನ್ನು ಎಂದೂ ಮೆಟ್ಟಿದವರಲ್ಲ. ಆದರೂ ೧೯೨೫ರಲ್ಲಿ ಅಮೆರಿಕೆಯ ಕಥಾಸಾಹಿತ್ಯವನ್ನು ಕುರಿತು ಬರೆಯುತ್ತ, ಆ ದೇಶದಿಂದ ತಮ್ಮ ಕೈಗೆ ಬಂದ ಗದ್ಯದಲ್ಲಿ ಲಾರ್ಡ್ನರನದಕ್ಕೆ ಮೇಲುಸ್ಥಾನವನ್ನು ಕೊಟ್ಟರು. ಅದಕ್ಕೆ ಅವರು ತೋರಿಸಿದ ಕಾರಣ ಮನನಯೋಗ್ಯವಾದದ್ದು. ಅಷ್ಟು ವಿಶಾಲವಾದ, ಹಳೆಯ ಸಂಪ್ರದಾಯಗಳ ಕಟ್ಟಿಲ್ಲದ ದೇಶದಲ್ಲಿ ಚೆದರಿಹೋಗಿರುವ ಜನಕ್ಕೆ ಆಟವೇ ಒಂದು ಕೂಡುವ ಕಟ್ಟೆಯಾಯಿತು. ಇಂಗ್ಲೆಂಡಿನ ಲೇಖಕನಿಗೆ ಸಮಾಜವು ಏನನ್ನು ಒದಗಿಸುವುದೋ ಅದನ್ನು ಈತನಿಗೆ ಆಟವು ಒದಗಿಸಿತು ಎಂಬುದು ಅವರ ವಾದದ ಸಾರ.

ಇದಕ್ಕೆ ಪ್ರತಿಪಕ್ಷವಾಗಿ ನಿಂತವನು ಲಾರ್ಡ್ನರನ ಆಪ್ತಮಿತ್ರನೇ. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಎಂಬ ಕಾದಂಬರಿಕಾರನು ನ್ಯೂಯಾರ್ಕಿನ ಬಳಿಯ ಗ್ರೇಟ್ ನೆಕ್ ಎಂಬಲ್ಲಿ ಆತನಿಗೆ ನೆರೆಯವನಾಗಿದ್ದನು. ೧೯೨೪ರಲ್ಲಿ ಆತನ ಕಥೆಗಳ ಸಂಕಲನವೊಂದು ಹೊರಬರುವಂತೆ ಪ್ರಯತ್ನಪಟ್ಟವನೂ ಇವನೇ. ಆಗ ತಿಳಿದುಬಂದದ್ದೇನೆಂದರೆ, ಲಾರ್ಡ್ನರನು ತನ್ನ ಕಥೆಗಳ ಪ್ರತಿಗಳನ್ನೇ ಇಟ್ಟುಕೊಂಡಿರಲಿಲ್ಲ! ಗ್ರಂಥಾಲಯಗಳ ಹಳೆಯ ಸಂಚಿಕೆಗಳಿಂದ ಪ್ರತಿ ತೆಗೆಯಬೇಕಾಯಿತು. ೧೯೩೩ರ ಸೆಪ್ಟೆಂಬರಿನಲ್ಲಿ, ೪೮ನೆಯ ವಯಸ್ಸಿನಲ್ಲಿ, ಲಾರ್ಡ್ನರನು ತೀರಿಕೊಂಡ ಮೇಲೆ ಫಿಟ್ಜ್‌ಜೆರಾಲ್ಡನು ಬರೆದ ಶೋಕಲೇಖನದಲ್ಲಿ ಹೊಗಳಿಕೆಯೊಡನೆ ದೊಡ್ಡದೊಂದು ಆಕ್ಷೇಪಣೆಯೂ ಉಂಟು. ಬುದ್ಧಿ ಬಲಿಯುವ ವಯಸ್ಸನ್ನೆಲ್ಲ ಗೆಳೆಯನು ಓದುಬರಹ ಬಾರದ ಕೆಲವರ ನಡುವೆ, ಬಾಲಕರಾಡುವ ಒಂದು ಆಟವನ್ನು ನೋಡುತ್ತ ಕಳೆದುಬಿಟ್ಟನು. ಆ ಆಟದ ಸುತ್ತಣ ಗೋಡೆಯೇ ಆತನ ಪ್ರತಿಭೆಗೂ ಗೋಡೆಯಾಯಿತು ಎಂದು ಅವನ ಮರುಕ. ಅದೇ ವರ್ಷ ಕ್ಲಿಫ್ಟನ್ ಫ್ಯಾಡಿಮನ್ ಎಂಬ ವಿಮರ್ಶಕನು ಇನ್ನೂ ಕಟುವಾಗಿ ನುಡಿದನು: ಲಾರ್ಡ್ನರನ ಬರವಣಿಗೆಯ ಮೂಲದಲ್ಲಿರುವುದು ದ್ವೇಷ, ತನ್ನ ಪಾತ್ರಗಳನ್ನು ಆತನು ದ್ವೇಷಿಸುತ್ತಾನೆ ಎಂದು.

ಹೀಗೆ ಒಬ್ಬರಿಗೆ ಇದು ಭಾಷೆಯ ಭಂಡಾರ, ಒಬ್ಬರಿಗೆ ಉತ್ತಮ ಕಲೆ, ಒಬ್ಬನಿಗೆ ಪೋಲಾದ ಪ್ರತಿಭೆ, ಇನ್ನೊಬ್ಬನಿಗೆ ಕ್ರೌರ್ಯ. ನಾಲ್ವರೂ ಮೂರ್ಖರಲ್ಲ. ಆದಕಾರಣ ನಾವು ಮನೆಯ ನ್ಯಾಯಸ್ಥಾನಕ್ಕೆ ಮೊರೆಹೊಕ್ಕೆವು. ರಾತ್ರಿ ಊಟವಾದ ಮೇಲೆ ಪ್ರತಿದಿವಸ ಒಂದು ಗಂಟೆಯ ಕಾಲ ನಾವು ಗ್ರಂಥವನ್ನು ಕೈಯಲ್ಲಿ ಹಿಡಿದು, ಕಣ್ಣಿನಿಂದ ಆಂಗ್ಲಭಾಷೆಯಲ್ಲಿ ಓದುತ್ತ, ಬಾಯಿಂದ ಕನ್ನಡದಲ್ಲಿ ಹೇಳುತ್ತ ಹೋದೆವು. ಕೇಳುವವರು ನಮ್ಮ ಗೃಹಿಣಿಯವರು, ನಮ್ಮ ಸೊಸೆ, ಸೋದರಳಿಯ.

ಮೂರನೆಯ ದಿವಸದ ರಾತ್ರಿ ಒಂದು ವಿಚಿತ್ರವು ನಮ್ಮ ಗಮನಕ್ಕೆ ಬಂದಿತು. ಮನೆಯವರೆಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ಇದ್ದವರು ನಾವೊಬ್ಬರೇ. ಇದೇಕೆಂದು ಯೋಚಿಸಿದೆವು. ನಾವು ಹೇಳುತ್ತಿದ್ದುದು ಶುದ್ಧವಾದ ಕನ್ನಡ. ಮೂಲದ ತಪ್ಪು ಕಾಗುಣಿತವೊಂದೂ ಅದರಲ್ಲಿ ಉಳಿದಿರಲಿಲ್ಲ; ಉಳಿಸುವುದು ಸಾಧ್ಯವೂ ಇರಲಿಲ್ಲ. ಕಾಗುಣಿತವೆಂಬುದು ಕಣ್ಣಿಗೆ ಸೇರಿದ್ದು, ಕಿವಿಗೆ ಸೇರಿದ್ದಲ್ಲವಷ್ಟೆ! ಹಾಗಿದ್ದೂ ಅವರು ನಕ್ಕರು. ಎಂದ ಮೇಲೆ ನಗೆಯು ಕಾಗುಣಿತದಲ್ಲಿರಲಿಲ್ಲ. ತಪ್ಪುಗಳನ್ನು ಕಂಡವರು ನಾವು. ಮನುಷ್ಯನನ್ನು ಕಂಡವರು ಅವರು. ಕೀಫನು ಸೋತ ದಿವಸದ ಕಾಗದದಲ್ಲಿ ತೋಳುನೋವಿನ ವಿಚಾರ ಬಂದೊಡನೆಯೇ ನಮ್ಮ ಗೃಹಿಣಿಯವರು, “ಇವನು ನಮ್ಮ ಉತ್ತರಕುಮಾರನಲ್ಲವೆ!” ಎಂದರು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ಕೇಳದ ಕನ್ನಡ ಮನೆಯಾವುದು? ಅಂತಃಪುರದ ಸ್ತ್ರೀಯರ ಮುಂದೆ ಕೌರವಸೇನೆಯನ್ನೆಲ್ಲ ಧೂಳೀಪಟ ಮಾಡಿದ ಆ ರಾಜಕುಮಾರನಿಗೂ, ಬೆಡ್‌ಫರ್ಡಿನ ಸ್ನೇಹಿತನ ಮುಂದೆ ಲೋಕವನ್ನೇ ಗೆಲ್ಲುವ ಈ ಎಸೆಗಾರನಿಗೂ ಸಾಗರಗಳು ಅಡ್ಡವಾಗಲಿಲ್ಲ.

ನಮ್ಮ ಸೊಸೆ ನಕ್ಕಳು, ಆದರೆ ಪೂರ್ತಿಯಾಗಿ ಒಪ್ಪಲಿಲ್ಲ. “ಮಾವನವರೆ, ಈ ಫ್ಲಾರಿ ಬರೆದ ಕಾಗದ ಒಂದಾದರೂ ಇದೆಯೆ? ಹಣ ಕೇಳುತ್ತಾಳೆ, ಬೊಬ್ಬೆಯಿಡುತ್ತಾಳೆ ಎಂದು ಗಂಡ ಹೇಳಿದ್ದನ್ನೇ ನಾವು ನಂಬಬೇಕೆ? ಆಟದ ವಿಷಯದಲ್ಲಿ ಅವನು ಹೇಳುವುದೆಲ್ಲ ಸುಳ್ಳಾದರೆ, ಹೆಂಡತಿಯ ವಿಷಯದಲ್ಲಿ ಹೇಳುವುದು ಮಾತ್ರ ನಿಜವೆ?” ಎಂದು ಕೇಳಿದಳು. ಇದಕ್ಕೆ ಸೋದರಳಿಯನು, “ಹಾಗೆ ಅನುಮಾನ ಬರಲೆಂದೇ ಲೇಖಕನು ಬರೆದಿದ್ದಾನೆ” ಎಂದನು. “ಬರೆದಿರಬಹುದು, ಆದರೆ ಅವಳ ಬಾಯಿಯನ್ನು ಕಟ್ಟಿಯೇ ಬರೆದಿದ್ದಾನೆ” ಎಂದು ಅವಳ ಪ್ರತ್ಯುತ್ತರ. ಈ ಆಕ್ಷೇಪಣೆಯನ್ನು ನಾವು ಪರಿಹರಿಸಲಾರೆವು. ಗ್ರಂಥದ ಹೆಂಗಸರು ಗಂಡಸಿನ ಕಣ್ಣಿಗೆ ಕಂಡ ನೆರಳುಗಳು ಮಾತ್ರವೆಂಬುದು ನಿಜ. ಇದನ್ನು ಗುಣವೆಂದು ನಾವು ವಾದಿಸೆವು.

ಆದರೆ ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಅದು ಫ್ಯಾಡಿಮನ್ನನದು. ಓದುಬರಹ ಕಡಮೆಯಾದವನ ಕಾಗದಗಳನ್ನು ಓದಿದವರೆಲ್ಲರೂ ಕುಳಿತು ನಗುವುದು ದ್ವೇಷವಲ್ಲವೆ? ಇದನ್ನು ಕೇಳಿಕೊಳ್ಳುವುದಕ್ಕೆ ನಮಗೆ ಸ್ವಂತ ಕಾರಣವಿದೆ. ಈ ಪುಟದಲ್ಲಿ ನಾವು ಇದುವರೆಗೂ ಹೇಳದೆ ಇದ್ದ ಸಂಗತಿಯನ್ನು ಹೇಳುವೆವು.

ಸುಮಾರು ಮೂವತ್ತು ವರ್ಷಗಳ ಕೆಳಗೆ ನಾವು ಒಂದು ಚಿಕ್ಕ ಊರಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಮೂರು ಮೈಲಿ ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನು ಒಂದು ದಿವಸ ರಜೆಯ ಚೀಟಿಯನ್ನು ತಂದನು. ಅವನ ತಂದೆಯೇ ಬರೆದದ್ದು. ತಾಯಿಗೆ ಕಾಯಿಲೆ, ಕುರಿಗಳನ್ನು ನೋಡುವವರಿಲ್ಲ, ನಾಲ್ಕು ದಿವಸ ಹುಡುಗನನ್ನು ಬಿಡಬೇಕು ಎಂದು ವಿಷಯ. ಹಕಾರವಿರಬೇಕಾದಲ್ಲಿ ಅಕಾರ, ಅಕಾರವಿರಬೇಕಾದಲ್ಲಿ ಹಕಾರ. ಮಹಾಪ್ರಾಣಗಳೆಲ್ಲ ಪ್ರಾಣ ಬಿಟ್ಟಿದ್ದುವು. ಆ ಹೊತ್ತಿನ ಪಾಠವೂ ಅಲ್ಪಪ್ರಾಣ ಮಹಾಪ್ರಾಣಗಳ ಭೇದವೇ ಆಗಿದ್ದಿತು. ಉದಾಹರಣೆ ತಾನಾಗಿ ಕೈಗೆ ಬಂದಿತೆಂಬ ಉತ್ಸಾಹದಲ್ಲಿ ನಾವು ಆ ಚೀಟಿಯನ್ನು ಬರೆದಿದ್ದಂತೆಯೇ ತರಗತಿಯಲ್ಲಿ ಗಟ್ಟಿಯಾಗಿ ಓದಿದೆವು. ನಲವತ್ತು ಮಕ್ಕಳೂ ನಕ್ಕರು. ಆ ಹುಡುಗನೂ ನಕ್ಕನು. ಅವನೇ ನಗುತ್ತಿರುವನಲ್ಲ, ಇನ್ನೇನು ಎಂದು ನಾವು ಎರಡನೆಯ ಸಲವೂ ಓದಿದೆವು.

ಹುಡುಗನು ನಾಲ್ಕು ದಿವಸದ ಬಳಿಕ ಬಂದನು. ಆದರೆ ಮುಂದೆ ಎಂದಿಗೂ ಚೀಟಿಯನ್ನು ತರಲಿಲ್ಲ. ಬಾಯಿಮಾತಿನಲ್ಲಿಯೇ ರಜೆ ಕೇಳುತ್ತಿದ್ದನು. ವರ್ಷದ ಕೊನೆಯಲ್ಲಿ ಕಾಗದಪತ್ರಗಳಿಗಾಗಿ ಅವನ ತಂದೆಯನ್ನು ಬರಮಾಡಿದಾಗ ನಾವು ರುಜುವಿಗೆ ಲೇಖನಿಯನ್ನು ನೀಡಿದೆವು. ಆತನು ಅದನ್ನು ಮುಟ್ಟಲಿಲ್ಲ. “ನನಗೆ ಬರೆಯಲು ಬಾರದು, ಸ್ವಾಮಿ” ಎಂದು ಹೇಳಿ ಎಡಗೈಯ ಹೆಬ್ಬೆರಳನ್ನು ಮುಂದಕ್ಕೆ ನೀಡಿದನು. ನಾವು ಶಾಯಿ ಹಚ್ಚಿ ಒತ್ತಿಸಿಕೊಂಡೆವು. ಆತನಿಗೆ ಬರೆಯಲು ಬರುತ್ತಿದ್ದಿತೆಂಬುದು ನಮಗೂ ಗೊತ್ತಿದ್ದಿತು, ಆತನಿಗೂ ಗೊತ್ತಿದ್ದಿತು, ಪಕ್ಕದಲ್ಲಿ ನಿಂತಿದ್ದ ಹುಡುಗನಿಗೂ ಗೊತ್ತಿದ್ದಿತು. ವಯಸ್ಸಾದ ಮೇಲೆ ಕಷ್ಟಪಟ್ಟು ಕಲಿತ ಅಕ್ಷರವನ್ನು ಆ ಮನುಷ್ಯನ ಕೈಯಿಂದ ಕಿತ್ತುಕೊಂಡವರು ಅಕ್ಷರವನ್ನು ಕಲಿಸುವುದಕ್ಕೆಂದು ಸಂಬಳ ಪಡೆಯುತ್ತಿದ್ದ ನಾವು.

ಆದಕಾರಣ ಕೀಫನ ಕಾಗದಗಳನ್ನು ಬಿಚ್ಚಿದಾಗ ನಮಗೆ ನಗೆ ಬಾರದೆ ಹೋದುದು ಆಶ್ಚರ್ಯವಲ್ಲ. ಈ ಸಂಗತಿಯನ್ನು ನಮ್ಮ ಗೃಹಿಣಿಯವರಿಗೆ ಹೇಳಿ, “ಇದೂ ಅದೇ ಅಲ್ಲವೆ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಆಲ್ ಎಂಬುವನು ಈ ಕಾಗದಗಳನ್ನು ಊರಿನವರಿಗೆಲ್ಲ ಓದಿ ಹೇಳಿದನೆ?” ಎಂದರು. ಗ್ರಂಥದಲ್ಲಿ ಹಾಗೆ ಎಲ್ಲಿಯೂ ಇಲ್ಲವೆಂದೆವು. “ಹಾಗಾದರೆ ಅದೇ ಅಲ್ಲ” ಎಂದು ಹೇಳಿ ಅವರು ಒಳಕ್ಕೆ ಹೋದರು.

ಈ ಮಾತಿನ ಮೇಲೆ ನಾವು ಬಹಳವಾಗಿ ಯೋಚಿಸಿದೆವು. ಭರತಮುನಿಯು ಹಾಸ್ಯರಸದ ಕಾರಣಗಳನ್ನು ಎಣಿಸುವಾಗ ವಿಕೃತವಾದ ವೇಷಾಲಂಕಾರಗಳನ್ನು ಮೊದಲು ಹೇಳಿ, ಧಾರ್ಷ್ಟ್ಯ, ಲೌಲ್ಯ, ಅಸತ್ಪ್ರಲಾಪ, ವ್ಯಂಗದರ್ಶನ ಮುಂತಾದುವನ್ನೂ ಸೇರಿಸಿದ್ದಾನೆ. ವ್ಯಂಗದರ್ಶನವೆಂದರೆ ಇನ್ನೊಬ್ಬನ ಅಂಗದ ಊನವನ್ನು ಕಂಡು ನಗುವುದು. ಧಾರ್ಷ್ಟ್ಯವೆಂದರೆ ನಾಚಿಕೆಯಿಲ್ಲದ ಎದೆಗಾರಿಕೆ, ಲೌಲ್ಯವೆಂದರೆ ಚಪಲ, ಅಸತ್ಪ್ರಲಾಪವೆಂದರೆ ಹೊಂದಿಕೆಯಿಲ್ಲದ ಬಡಬಡಿಕೆ. ಶಾಲೆಯಲ್ಲಿ ನಾವು ಮಾಡಿಸಿದ ನಗೆ ಮೊದಲನೆಯ ಜಾತಿಯದು: ಕುಂಟನ ಕಾಲನ್ನು ತೋರಿಸಿ ನಗಿಸಿದಂತೆ. ಕೀಫನ ನಗೆ ಉಳಿದ ಮೂರಕ್ಕೆ ಸೇರಿದ್ದು. ಅವನ ಕಾಗುಣಿತವನ್ನೆಲ್ಲ ನಾವು ಕೆಂಪು ಶಾಯಿಯಿಂದ ತಿದ್ದಿಬಿಟ್ಟರೂ ಅವನ ಬಡಾಯಿ ಹಾಗೆಯೇ ಉಳಿಯುತ್ತದೆ. ನಮ್ಮ ಮನೆಯ ಶುದ್ಧ ಕನ್ನಡದ ಓದು ಅದನ್ನೇ ತೋರಿಸಿತು. ಸೋತುದಕ್ಕೆ ಅನ್ಯರನ್ನು ದೂರುವ ಗುಣವು ಅನಕ್ಷರಸ್ಥನ ಸೊತ್ತಲ್ಲ. ಪದವಿಗಳನ್ನು ಪಡೆದವರಲ್ಲಿಯೂ ಅದು ನಿರ್ದುಷ್ಟವಾದ ಕಾಗುಣಿತದೊಡನೆ ಪ್ರಕಾಶಿಸುತ್ತದೆ. ಹುಡುಗನೂ ನಕ್ಕನೆಂದು ನಾವು ಮೂವತ್ತು ವರ್ಷ ಹೇಳಿಕೊಂಡು ಬಂದ ಸಮಾಧಾನವು ಕೀಫನ ತೋಳುನೋವಿಗಿಂತ ಯಾವ ವಿಧದಲ್ಲಿ ಮೇಲು?

ಪಾತ್ರದ ಬಾಯಲ್ಲಿ ಅಶುದ್ಧ ಭಾಷೆಯನ್ನಿಟ್ಟ ಮಾತ್ರಕ್ಕೆ ಕವಿಗೆ ದ್ವೇಷವುಂಟೆಂದು ಹೇಳಲಾಗದು. ನಮ್ಮ ನಾಟಕಕಾರರು ಸಂಸ್ಕೃತದಲ್ಲಿ ಪಾರಂಗತರು. ಆದರೂ ಪಾತ್ರಕ್ಕೆ ತಕ್ಕ ಪ್ರಾಕೃತವನ್ನು ಕಿವಿಗೊಟ್ಟು ಕೇಳಿ ಬರೆದರು. ಶಾಕುಂತಲದಲ್ಲಿ ಉಂಗುರ ಸಿಕ್ಕಿದ ಬೆಸ್ತನು ಮಾಗಧಿಯನ್ನಾಡುತ್ತಾನೆ. ಅವನನ್ನು ಕಾವಲುಗಾರರು ಹಿಂಸಿಸುವಾಗ ನಮ್ಮ ಮನಸ್ಸು ಬೆಸ್ತನ ಕಡೆಗೇ ಇರುತ್ತದೆ. ಮೃಚ್ಛಕಟಿಕದ ಶಕಾರನೂ ಅಶುದ್ಧನುಡಿಯವನೇ, ರಾಮಾಯಣ ಭಾರತಗಳ ಹೆಸರುಗಳನ್ನು ಕಲಸಿ ಬಡಾಯಿ ಕೊಚ್ಚುವವನೇ. ಆದರೆ ಅವನು ವಸಂತಸೇನೆಯ ಕುತ್ತಿಗೆಯನ್ನು ಹಿಸುಕಿದ ಕ್ಷಣದಲ್ಲಿ ನಮ್ಮ ನಗೆ ಹಾರಿಹೋಗುತ್ತದೆ. ಭೇದವಿರುವುದು ಭಾಷೆಯಲ್ಲಲ್ಲ, ಹೃದಯದಲ್ಲಿ. ಕೀಫನು ಲೋಭಿ, ಮುಂಗೋಪಿ, ಹೆಡ್ಡ. ಆದರೆ ಪುಟಪುಟಕ್ಕೂ ಮಗುವಿನ ಮೇಲಣ ಅವನ ಮೋಹ, ಆಲನ ಹೆಂಡತಿ ಬರ್ಥಾಳಿಗೆ ಅವನು ತಪ್ಪದೆ ಹೇಳಿ ಕಳುಹಿಸುವ ಕುಶಲ, ಊರಿನ ಆ ಹಳದಿ ಮನೆಯ ಹಂಬಲ ಇವುಗಳನ್ನು ದ್ವೇಷದಿಂದ ಬರೆಯಲಾಗದು.

ಎಲ್ಲಕ್ಕಿಂತ ಹೆಚ್ಚಿನ ಸಾಕ್ಷಿ ಆಲನು. ಅವನ ಉತ್ತರವೊಂದೂ ಗ್ರಂಥದಲ್ಲಿಲ್ಲ. ಆದರೆ ಉತ್ತರಗಳು ಬರುತ್ತಿದ್ದುವೆಂದು ಕೀಫನ ಕಾಗದಗಳಿಂದಲೇ ತಿಳಿಯುತ್ತದೆ, ಸಾಲವೂ ಹೋಗುತ್ತಿದ್ದಿತು. ಇಷ್ಟೊಂದು ಬಡಾಯಿಯನ್ನು ವರ್ಷಗಟ್ಟಲೆ ಓದಿ, ಒಳಗೆ ನಕ್ಕಿರಬಹುದು, ಆದರೆ ಕಾಗದವನ್ನು ಬಿಸುಡದೆ ಉತ್ತರ ಬರೆದ ಒಬ್ಬ ಸ್ನೇಹಿತನನ್ನು ಯೋಚಿಸಿಕೊಂಡ ಲೇಖಕನು ಮನುಷ್ಯದ್ವೇಷಿಯಾಗಿರಲಾರನು. ನಾವು ಓದುವವರು ಕುಳಿತುಕೊಳ್ಳುವುದು ಆಲನ ಪೀಠದಲ್ಲಿ. ಅಲ್ಲಿ ಕುಳಿತು ನಗುವುದಕ್ಕೆ ಅಪ್ಪಣೆಯುಂಟು. ಎದ್ದು ಬೀದಿಯಲ್ಲಿ ಓದುವುದಕ್ಕೆ ಅಪ್ಪಣೆಯಿಲ್ಲ.

ಫಿಟ್ಜ್‌ಜೆರಾಲ್ಡನ ಆಕ್ಷೇಪಣೆಗೆ ಒಂದು ಮಾತು. ಅದು ಗೆಳೆಯನನ್ನು ಕಳೆದುಕೊಂಡವನ ದುಃಖದ ಮಾತು. ಕುಡಿತವೂ ಕ್ಷಯವೂ ಲಾರ್ಡ್ನರನನ್ನು ತಿಂದುಹಾಕಿದ್ದುವು. ಆದ್ದರಿಂದ ವಾದಕ್ಕೆ ನಿಲ್ಲಲು ಮನಸ್ಸಾಗದು. ಆದರೆ ಆಟವು ಬಾಲಕರದೆಂಬ ಕಾರಣದಿಂದ ವಿಷಯವೂ ಚಿಕ್ಕದಾಯಿತೆನ್ನುವುದು ಸರಿಯಲ್ಲ. ಪಗಡೆಯೂ ಆಟವೇ ಆಗಿದ್ದಿತು. ಅದರಿಂದ ಹದಿನೆಂಟು ಅಕ್ಷೌಹಿಣಿ ಸೇನೆ ಮಡಿಯಿತೆಂದು ನಮ್ಮ ಪೂರ್ವಿಕರು ನಂಬಿದ್ದರು. ಇದೇ ವೈಟ್ ಸಾಕ್ಸ್ ತಂಡದಲ್ಲಿ ನಡೆದುದನ್ನು ನೋಡಿರಿ. ೧೯೧೯ರ ವಿಶ್ವಮಾಲಿಕೆಯೆಂಬ ಮಹಾಪಂದ್ಯದಲ್ಲಿ ಜೂಜುಗಾರರ ಹಣಕ್ಕಾಗಿ ಬೇಕೆಂದೇ ಸೋತರೆಂಬ ಆರೋಪವು ತಂಡದ ಎಂಟು ಮಂದಿಯ ಮೇಲೆ ಬಂದಿತು. ೧೯೨೧ರಲ್ಲಿ ನ್ಯಾಯಸ್ಥಾನವು ಅವರನ್ನು ಬಿಡುಗಡೆ ಮಾಡಿತು. ಆದರೂ ಕ್ರೀಡಾಧಿಕಾರಿಯು ಎಂಟು ಮಂದಿಯನ್ನೂ ಜೀವಮಾನಪರ್ಯಂತ ಆಟದಿಂದ ಹೊರಗಿಟ್ಟನು. ಆಗ ತಂಡದ ವ್ಯವಸ್ಥಾಪಕನಾಗಿದ್ದವನು ಕೀಫನನ್ನು ತಾಳ್ಮೆಯಿಂದ ತಿದ್ದಲೆಳಸಿದ ಅದೇ ಗ್ಲೀಸನ್. ಒಡೆಯನು ಅದೇ ಕಾಮಿಸ್ಕಿ. ಲಾರ್ಡ್ನರನು ಆ ಪಂದ್ಯಗಳನ್ನು ವರದಿಗಾರನಾಗಿ ಕಣ್ಣಾರೆ ಕಂಡವನು. ಬಾಲಕರ ಆಟದ ಗೋಡೆಯೊಳಗೆ ಲೋಭ, ವಂಚನೆ, ನಂಬಿಕೆದ್ರೋಹ ಎಲ್ಲವೂ ಇದ್ದುವು. ಇದನ್ನೆಲ್ಲ ತಿಳಿದು ೧೯೧೬ರ ಗ್ರಂಥವನ್ನು ಓದಿದರೆ ಕೀಫನ ಬಡಾಯಿಯೊಂದು ನಿರಪರಾಧಿಯಾದ ವಸ್ತುವಾಗಿ ತೋರುತ್ತದೆ. ಅವನು ಸುಳ್ಳು ಹೇಳುತ್ತಿದ್ದುದು ತನಗೇ, ಪಂದ್ಯವನ್ನು ಮಾರುವವನಲ್ಲ.

ನಮ್ಮ ತೀರ್ಪನ್ನು ಇಷ್ಟರಲ್ಲಿ ಹೇಳುವೆವು. ಆಟದ ಪರಿಭಾಷೆಯು ಕೆಲವು ಪುಟಗಳಲ್ಲಿ ಅಡ್ಡಬರುವುದು. ಒಂದೇ ಬಗೆಯ ಬಡಾಯಿಯು ನಡುವೆ ಸ್ವಲ್ಪ ಬೇಸರವನ್ನು ತರುವುದು. ಸೊಸೆಯ ಆಕ್ಷೇಪಣೆ ಇದ್ದೇ ಇದೆ. ಆದರೂ ಇದು ಮನೆಮಂದಿಯೆಲ್ಲ ಕೂಡಿ ಓದತಕ್ಕ ಗ್ರಂಥ. ಒಬ್ಬರು ಓದಿ ಉಳಿದವರು ಕೇಳುವುದು ಲೇಸು. ಹಾಗೆ ಮಾಡಿದರೆ ಕಣ್ಣು ಕಾಗುಣಿತದಲ್ಲಿ ಸಿಕ್ಕಿಬೀಳದು. ಆಂಗ್ಲಭಾಷೆಯನ್ನು ಕಲಿಯುತ್ತಿರುವ ಮಕ್ಕಳ ಕೈಗೆ ಮಾತ್ರ ಕೊಡಬೇಡಿರಿ. ಕಲಿತ ಕಾಗುಣಿತವೂ ಮರೆತುಹೋದೀತು.

ಸೋದರಳಿಯನು ಮೊನ್ನೆ ಷಿಕಾಗೋ ನಗರಕ್ಕೆ ಹಿಂದಿರುಗಿದನು. ಹೊರಡುವ ಮುನ್ನ, “ಮಾವ, ಕೊನೆಗಾದರೂ ನಕ್ಕಿರಾ, ಇಲ್ಲವೆ ನಾನು ಹೆಸರನ್ನು ಬದಲಾಯಿಸಿಕೊಳ್ಳಬೇಕೆ?” ಎಂದು ಕೇಳಿದನು. ಮಗುವು ಎಡಗೈಯನ್ನು ಚಾಚಿದ ಪ್ರಸಂಗದಲ್ಲಿ ನಕ್ಕೆವೆಂದು ಒಪ್ಪಿಕೊಂಡೆವು. ಆ ಹಳ್ಳಿಯ ಹುಡುಗನು ಈಗ ಎಲ್ಲಿರುವನೆಂಬುದು ನಮಗೆ ತಿಳಿಯದು. ಅವನ ತಂದೆಯ ಹೆಬ್ಬೆಟ್ಟಿನ ಗುರುತು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಈ ಗ್ರಂಥವನ್ನಾಗಲಿ, ಇಂತಹ ಬೇರೆ ಹಾಸ್ಯಗ್ರಂಥವನ್ನಾಗಲಿ ಓದಿದ ವಾಚಕರು ತಮ್ಮ ಅಭಿಮತವನ್ನು ಬರೆದು ಕಳುಹಿಸಿದರೆ ಮುಂದಿನ ತಿಂಗಳು ಈ ವ್ಯಾಜ್ಯವನ್ನು ಮುಂದುವರಿಸುವೆವು. ಬರೆಯುವಾಗ ಕಾಗುಣಿತಕ್ಕೆ ಅಂಜಬೇಕಾದ್ದಿಲ್ಲ. ಕೆಂಪು ಶಾಯಿಯ ಲೇಖನಿಯನ್ನು ನಮ್ಮ ಗೃಹಿಣಿಯವರು ತೆಗೆದಿಟ್ಟುಬಿಟ್ಟಿದ್ದಾರೆ.